ಹಡಗಿನ ಬೆಂಕಿಯ ವರದಿ ಕೇಳಿದ ಮೋಹನದಾಸರು

ಡೊಂಬಿವಲಿಯ ಮೋಹನದಾಸರ ಕೈರುಚಿಯ ಬಗ್ಗೆ ಎರಡು ಮಾತಿಲ್ಲ. ಬೇಲಾಪುರದ ಸರಕಾರಿ ಕಟ್ಟಡವೊಂದರ ಕ್ಯಾಂಟೀನಿನಲ್ಲಿ ಅವರು ಮಾಡುವ ಸಾಂಬಾರಿಗಾಗಿ ಮನೆಯಿಂದ ಡಬ್ಬಿ ತಂದ ಗುಮಾಸ್ತರೂ ಸಾಲಿನಲ್ಲಿ ನಿಲ್ಲುತ್ತಿದ್ದರು. ಆದರೆ ಉಡುಪಿ ಕಡೆಯ ಈ ಮನುಷ್ಯ ಹದಿನಾರು ವರ್ಷ ಹಡಗಿನಲ್ಲಿ ಅಡುಗೆ ಮಾಡಿದವರು ಎಂಬುದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ದೇಶ ಸುತ್ತಿದವನು ಅದನ್ನು ಹೇಳಿಕೊಳ್ಳುವುದಿಲ್ಲ ಎಂದರೆ ಹೊಟ್ಟೆಯೊಳಗೆ ಏನೋ ಇಟ್ಟುಕೊಂಡಿದ್ದಾನೆ ಎಂದೇ ಅರ್ಥ.

ಅವರು ಇಟ್ಟುಕೊಂಡದ್ದು ಒಂದು ದೀಪದ ಸಂಗತಿ. ಹಡಗಿನ ಅಡುಗೆಕೋಣೆಯಲ್ಲಿ ಕಡ್ಡಿ ಗೀರುವುದಕ್ಕೂ ಅವಕಾಶವಿಲ್ಲ, ಒಲೆ ಕೂಡ ಕರೆಂಟಿನದು. ಆದರೆ ದೇವರಿಗೆ ದೀಪ ಹಚ್ಚದೆ ಅಕ್ಕಿ ತೊಳೆದು ಮೋಹನದಾಸರಿಗೆ ಅಭ್ಯಾಸವಿಲ್ಲ. ಕಪಾಟಿನಲ್ಲಿ ಮಸಾಲೆ ಡಬ್ಬಿಗಳ ಹಿಂದೆ ಕಟೀಲಮ್ಮನ ಪಟ, ಅದರ ಮುಂದೆ ಹೆಬ್ಬೆರಳಷ್ಟು ಹಿತ್ತಾಳೆ ದೀಪ. ಕ್ಯಾಪ್ಟನ್ ಕಂಡೂ ಕಾಣದ ಹಾಗೆ ಇದ್ದ, ಅವನಿಗೂ ಮೀನಿನ ಗಸಿ ಬೇಕಿತ್ತಲ್ಲ! 2005ರ ಒಂದು ಬೆಳಿಗ್ಗೆ ದೀಪ ಹಚ್ಚಿ, ಈರುಳ್ಳಿ ತರಲು ಉಗ್ರಾಣಕ್ಕೆ ಹೋದವರು ತಿರುಗಿ ಬರುವಷ್ಟರಲ್ಲಿ ಅಡುಗೆಕೋಣೆಯಿಂದ ಕಪ್ಪು ಹೊಗೆ ಏಳುತ್ತಿತ್ತು. ಇಪ್ಪತ್ತೊಂದು ಮಂದಿ ದೋಣಿ ಹತ್ತಿ ಬದುಕಿದರು. ಇಂಜಿನ್ ರೂಮಿನಲ್ಲಿ ದುಡಿಯುತ್ತಿದ್ದ ಕೈಲಾಸ ಮಾತ್ರ ಬರಲಿಲ್ಲ. ಕಲಬುರಗಿ ಕಡೆಯ ಹುಡುಗ, ಮನೆ ಇದ್ದದ್ದು ಡೊಂಬಿವಲಿಗೆ ಹತ್ತಿರದ ಕಳವಾ ಎಂಬ ಊರಿನಲ್ಲಿ. ಆ ಹಡಗಿನಲ್ಲಿ ಮೋಹನದಾಸರ ಜೊತೆ ಕನ್ನಡ ಮಾತಾಡಲು ಇದ್ದವನು ಅವನೊಬ್ಬನೇ.

ತನಿಖೆಗೆ ಬಂದ ಅಧಿಕಾರಿಯ ಎದುರು ಮೋಹನದಾಸರು ದೀಪದ ಸುದ್ದಿಯನ್ನೇ ಎತ್ತಲಿಲ್ಲ. ಹೆದರಿದರು, ಅಷ್ಟೇ. ಹೇಳಿಕೆಗೆ ಸಹಿ ಹಾಕಿ ಮನೆಗೆ ಬಂದವರು ಮತ್ತೆ ಹಡಗು ಹತ್ತಲಿಲ್ಲ, ಜೊತೆಗಿದ್ದವರ ಯಾರ ಸಂಪರ್ಕವನ್ನೂ ಇಟ್ಟುಕೊಳ್ಳಲಿಲ್ಲ. ತನ್ನ ದೀಪವೇ ಕೈಲಾಸನನ್ನು ಕೊಂದಿತು ಎಂದು ಅವರ ಮನಸ್ಸು ತೀರ್ಪು ಕೊಟ್ಟಾಗಿತ್ತು. ಕೆಲಸಕ್ಕೆ ಹೋಗುವಾಗ ಲೋಕಲ್ ರೈಲು ಕಳವಾ ಸ್ಟೇಷನ್ನಿನಲ್ಲಿ ನಿಂತರೆ ಮುಖ ಆಚೆ ತಿರುಗಿಸುತ್ತಿದ್ದರು. ಕೈಲಾಸನ ತಾಯಿ ಪ್ಲಾಟ್‌ಫಾರ್ಮಿನಲ್ಲಿದ್ದರೆ? ಆಕೆಯನ್ನು ಇವರು ನೋಡಿರಲಿಲ್ಲ, ಆಕೆ ಇವರನ್ನು ನೋಡಿರಲಿಲ್ಲ. ಆದರೂ ಗುರುತು ಹಿಡಿದಾಳೆಂಬ ಭಯ. ಈ ಸಂಕಟ ಗೊತ್ತಿದ್ದದ್ದು ಹೆಂಡತಿ ಪುಷ್ಪಾವತಿಗೆ ಮಾತ್ರ.

ಹಾಗೆಯೇ ಏಳು ವರ್ಷ ಹೋಯಿತು. ಬೆಂಕಿ ಹೇಗೆ ಹತ್ತಿತೆಂಬ ವರದಿ ಹಡಗುಗಳ ಸುರಕ್ಷತೆ ನೋಡುವ ಸರಕಾರಿ ಕಚೇರಿಯಲ್ಲಿ ಇರುತ್ತದೆ ಎಂದು ಮೋಹನದಾಸರಿಗೆ ಗೊತ್ತಿತ್ತು. ಕೇಳುವುದು ಹೇಗೆ? ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಆಗುವುದಿಲ್ಲವೆ?

ಒಂದು ದಿನ ಕ್ಯಾಂಟೀನಿನಲ್ಲಿ ರಾಯಪ್ಪ ಎಂಬ ವಿಜಾಪುರದ ಗುಮಾಸ್ತ ಪಕ್ಕದವನಿಗೆ ಮಾಹಿತಿ ಹಕ್ಕಿನ ಪಾಠ ಹೇಳುತ್ತಿದ್ದ. ತಟ್ಟೆ ಇಡಲು ಹೋದ ಮೋಹನದಾಸರು ಅಲ್ಲೇ ನಿಂತರು.

“ಹತ್ತು ರೂಪಾಯಿ ಪೋಸ್ಟಲ್ ಆರ್ಡರ್, ಒಂದು ಅರ್ಜಿ, ಮುಗೀತು. ನಿನಗ್ಯಾಕ ಬೇಕು ಅಂತ ಅವರು ಕೇಳೂಹಂಗೇ ಇಲ್ರೀ. ಕಾಯ್ದೆದಾಗ ಬರದದ.”

ಯಾಕೆ ಬೇಕು ಎಂದು ಕೇಳುವ ಹಾಗಿಲ್ಲ! ಆ ಒಂದು ಮಾತನ್ನು ಮೋಹನದಾಸರು ಡೊಂಬಿವಲಿವರೆಗೂ ಮನಸ್ಸಿನಲ್ಲೇ ಉರು ಹೊಡೆದುಕೊಂಡು ಬಂದರು.

“ಕೇಳಿಯೇ ಬಿಡಿ ಮಾರಾಯ್ರೆ,” ಎಂದಳು ಪುಷ್ಪಾವತಿ.

“ದೀಪದಿಂದಲೇ ಆದದ್ದು ಅಂತ ಬರೆದಿದ್ದರೆ?”

“ಬರೆದಿದ್ದರೆ ಇಬ್ಬರೂ ಹೋಗಿ ಆ ತಾಯಿಯ ಕಾಲು ಹಿಡಿಯುವ. ಹೀಗೆ ದಿನಾ ಸಾಯುವುದಕ್ಕಿಂತ ಅದೇ ಒಳ್ಳೆಯದು.”

ಅರ್ಜಿಯನ್ನು ರಾಯಪ್ಪನೇ ಬರೆದುಕೊಟ್ಟ, ಅವನೂ ಯಾಕೆಂದು ಕೇಳಲಿಲ್ಲ. ಇಪ್ಪತ್ತಾರನೇ ದಿನ ಉತ್ತರ ಬಂತು. ಇಂಥ ದಿನ ಬಂದು ಕಡತ ನೋಡಬಹುದು, ಬೇಕಾದ ಪುಟಗಳ ಪ್ರತಿ ಪಡೆಯಬಹುದು ಎಂದು. ಮೋಹನದಾಸರು ಇಸ್ತ್ರಿ ಅಂಗಿ ಹಾಕಿಕೊಂಡು, ಜೈಲಿಗೆ ಹೊರಟವರ ಮುಖ ಹೊತ್ತು ಹೋದರು.

ಮಾಹಿತಿ ಅಧಿಕಾರಿ ಒಬ್ಬ ಮರಾಠಿ ಹೆಂಗಸು. ಕುರ್ಚಿ ಕೊಟ್ಟಳು, ಚಾ ತರಿಸಿದಳು. ಇವರು ಇಂಗ್ಲಿಷ್ ಪುಟ ನೋಡಿ ತಡವರಿಸುವುದನ್ನು ಕಂಡು ತನ್ನ ಕೆಲಸ ಬದಿಗಿಟ್ಟು ಹಿಂದಿಯಲ್ಲಿ ಬಿಡಿಸಿ ಹೇಳತೊಡಗಿದಳು. ಬೆಂಕಿ ಹತ್ತಿದ್ದು ಇಂಜಿನ್ ರೂಮಿನಲ್ಲಿ. ಎಣ್ಣೆಯ ಪೈಪು ಬಿರುಕು ಬಿಟ್ಟು, ಕಾದ ಕಬ್ಬಿಣದ ಮೇಲೆ ಎಣ್ಣೆ ಚಿಮ್ಮಿತ್ತು. ಅಡುಗೆಕೋಣೆಗೆ ಬಂದದ್ದು ಗಾಳಿಕೊಳವೆಯಿಂದ ಏರಿದ ಹೊಗೆ ಮಾತ್ರ. ಮುಂದಿನ ಪುಟದಲ್ಲಿ ಒಂದು ಫೋಟೋ ಇತ್ತು. ಮಸಿ ಹಿಡಿದ ಕಪಾಟು, ಅದರೊಳಗೆ ಪಟ, ಪಟದ ಮುಂದೆ ದೀಪ! ಕೆಳಗೆ ಬರೆದಿತ್ತು: “ದೀಪದಲ್ಲಿ ಎಣ್ಣೆ ಹಾಗೆಯೇ ಇದೆ. ಪಕ್ಕದ ಪ್ಲಾಸ್ಟಿಕ್ ಡಬ್ಬಿಗಳು ಕರಗಿಲ್ಲ. ಇದನ್ನು ಇಟ್ಟದ್ದು ನಿಯಮಕ್ಕೆ ವಿರುದ್ಧ. ಬೆಂಕಿಗೂ ಇದಕ್ಕೂ ಸಂಬಂಧವಿಲ್ಲ.”

ಮೋಹನದಾಸರು ಆ ಕಚೇರಿಯಲ್ಲೇ ಬಿಕ್ಕಿ ಬಿಕ್ಕಿ ಅತ್ತರು. ತಾವು ಬಚ್ಚಿಟ್ಟದ್ದನ್ನು ಒಬ್ಬ ಅಧಿಕಾರಿ ಆಗಲೇ ಕಂಡಿದ್ದ, ಕಂಡಷ್ಟನ್ನೇ ಬರೆದಿದ್ದ. ಸರಕಾರಿ ಕಚೇರಿಯನ್ನು ಬೈಯುವುದು ನಮಗೆಲ್ಲ ಉಂಡಷ್ಟೇ ರೂಢಿ. ಆದರೆ ಮಸಿಯ ನಡುವೆ ನಿಂತು ಕಪಾಟಿನ ಬಾಗಿಲು ತೆರೆದು ನೋಡಿದ ಆ ಪುಣ್ಯಾತ್ಮನನ್ನು, ಏಳು ವರ್ಷ ಆ ಕಡತವನ್ನು ಇಲಿ ಕಡಿಯದ ಹಾಗೆ ಕಾದವರನ್ನು, ಕೆಲಸ ಬಿಟ್ಟು ಓದಿ ಹೇಳಿದ ಆ ಹೆಂಗಸನ್ನು ಮೋಹನದಾಸರು ಆಮೇಲೆ ನೆನೆಯದ ದಿನವಿಲ್ಲ. ನೆನೆಯಬೇಕಾದದ್ದೇ.

ಅಧಿಕಾರಿ ನೀರಿನ ಲೋಟ ಮುಂದೆ ಸರಿಸಿ, ಇನ್ನೂ ಒಂದು ಪುಟವಿದೆ ಎಂದಳು. ಅದನ್ನು ಕೇಳಿದ ಮೋಹನದಾಸರಿಗೆ ಅಳುವೂ ನಿಂತುಹೋಯಿತು. ಮರುದಿನ ಅವರು ಆ ಪುಟದ ಪ್ರತಿ ಹಿಡಿದು ಕಳವಾ ಸ್ಟೇಷನ್ನಿನಲ್ಲಿ ಇಳಿದು, ಕೈಲಾಸನ ಮನೆ ಕೇಳುತ್ತ ಹೋದರು.

ಕೈಲಾಸನ ತಾಯಿ ಶರಣಬಸಮ್ಮ ಒಂದೇ ಕೋಣೆಯ ಮನೆಯ ಹೊಸ್ತಿಲಲ್ಲಿ ಕುಳಿತು ಮೆಂತ್ಯಸೊಪ್ಪು ಬಿಡಿಸುತ್ತಿದ್ದರು. ಮೋಹನದಾಸರು ತಮ್ಮ ಗುರುತು ಹೇಳಿದರು, ದೀಪದ ಕತೆಯನ್ನು ಒಂದಕ್ಷರ ಬಿಡದೆ ಹೇಳಿದರು. ಆಮೇಲೆ ಆ ಪುಟ ತೆಗೆದು, ಅಧಿಕಾರಿ ಹೇಳಿದ್ದನ್ನು ಕನ್ನಡದಲ್ಲಿ ತಿಳಿಸಿದರು. ಪೈಪು ಒಡೆದಾಗ ಇಂಜಿನ್ ರೂಮಿನ ಉಳಿದವರ ಜೊತೆ ಹೊರಬಂದ ಕೈಲಾಸ, ಎಣ್ಣೆ ಇನ್ನೂ ಹರಿಯುತ್ತಿದೆ ಎಂದು ಕೂಗಿ ಮತ್ತೆ ಒಳಗಿಳಿದಿದ್ದ. ಟ್ಯಾಂಕಿನ ವಾಲ್ವನ್ನು ಕೈಯಾರೆ ಮುಚ್ಚಿದ್ದ. ಹೊಗೆಯಲ್ಲಿ ದಾರಿ ಸಿಗಲಿಲ್ಲ. ಅವನು ಅದನ್ನು ಮುಚ್ಚದಿದ್ದರೆ ಉಳಿದ ಇಪ್ಪತ್ತೊಂದು ಮಂದಿಯೂ ಬದುಕುತ್ತಿರಲಿಲ್ಲ ಎಂದು ವರದಿ ಹೇಳಿತ್ತು.

ಮುದುಕಿಯ ಕೈಯಲ್ಲಿ ಸೊಪ್ಪು ಹಾಗೇ ಉಳಿಯಿತು. “ಬೆಂಕ್ಯಾಗ ಸತ್ತ ಅಂತ ಎರಡು ಸಾಲು ಬರದು ಕಳಿಸಿದ್ರಪ್ಪಾ ಕಂಪನಿಯವರು. ಇಷ್ಟ ದಿನ ಅಷ್ಟೇ ಗೊತ್ತಿತ್ತು ನನಗ.”

“ಮೊದಲೇ ಬರಬೇಕಿತ್ತು ಅಮ್ಮಾ. ನನ್ನ ಹೆದರಿಕೆಯಿಂದ ನಿಮಗೂ ತಿಳಿಯದೆ ಹೋಯಿತು. ತಪ್ಪಾಯಿತು.”

ಶರಣಬಸಮ್ಮ ಆ ಪುಟವನ್ನು ಕೈಗೆ ತೆಗೆದುಕೊಂಡರು. ಬೆರಳಿಂದ ಅದರ ಮೇಲಿನ ಅಕ್ಷರಗಳನ್ನು ಸವರಿದರು. “ಆ ಇಪ್ಪತ್ತೊಂದು ಮಂದಿ ಈಗ ಆರಾಮ ಅದಾರೇನು?” ಎಂದು ಕೇಳಿದರು.

“ಉಳಿದವರು ಎಲ್ಲಿದ್ದಾರೋ ಗೊತ್ತಿಲ್ಲ ಅಮ್ಮಾ. ನಾನು ಇದ್ದೇನೆ.”

ಆಕೆ ಮೋಹನದಾಸರನ್ನು ಅಡಿಯಿಂದ ಮುಡಿಯವರೆಗೆ ನೋಡಿದರು, ಹತ್ತಿರ ಬಂದು ಕೆನ್ನೆ ಮುಟ್ಟಿದರು. ಆಮೇಲೆ ಬಾಗಿಲ ಹೊರಗೆ ಕತ್ತು ಚಾಚಿ, ಇಡೀ ಓಣಿಗೆ ಕೇಳುವ ಹಾಗೆ ನೆರೆಯವಳನ್ನು ಕೂಗಿದರು:

“ಏ ಬಾಗೀ, ಭೀಮಮ್ಮಗೂ ಹೇಳು, ಎಲ್ಲಾರೂ ಬರ್ರಿ! ನಮ್ಮ ಕೈಲಾಸ ಉಳಿಸಿದ ಮನಷ್ಯಾ ಬಂದಾನ, ನೋಡಬರ್ರಿ!”