ಬಾಗಿಲಲ್ಲಿ ಸೋಪು ಹಿಡಿದ ಡಾಕ್ಟರಮ್ಮ

ಲಕ್ಕವಳ್ಳಿಯಲ್ಲಿ ಅಣೆಕಟ್ಟು ಏಳುತ್ತಿದ್ದ ಕಾಲ. ಕಡೂರಿನ ಕಡೆ ನನ್ನ ಮೊದಲ ಹೆರಿಗೆಯಾದ ಸಣ್ಣ ಆಸ್ಪತ್ರೆಯ ಡಾಕ್ಟರಮ್ಮನಿಗೆ ನಗುವುದೇ ಗೊತ್ತಿಲ್ಲ ಎಂದು ಬಾಣಂತಿಯರೆಲ್ಲ ಮಾತಾಡಿಕೊಳ್ಳುತ್ತಿದ್ದೆವು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಒದ್ದೆ ಕೈಗಳನ್ನು ಮೇಲೆತ್ತಿಕೊಂಡೇ ಓಡಾಡುತ್ತಿದ್ದರು. ಯಾರು ಎದುರಾದರೂ ಒಂದೇ ಮಾತು: "ಮೊದಲು ಕೈ."

ವಾರ್ಡಿನ ಕೂಸುಗಳಿಗೆ ಕೀವುಗುಳ್ಳೆ ಎದ್ದಿತ್ತು, ನನ್ನ ಮಗಳಿಗೂ. ಪೆನಿಸಿಲಿನ್ ಸೂಜಿಗೆ ಅದು ಜಗ್ಗಲಿಲ್ಲ. ಪಕ್ಕದ ಮಂಚದ ಕೂಸು ತೀರಿಕೊಂಡಿತು.

"ಈ ರೋಗಾಣು ಪೆನಿಸಿಲಿನ್ನಿಗೆ ಸಾಯಲ್ಲ ಕಣಮ್ಮ. ಕೈಯಿಂದ ಕೈಗೆ ಹರಡುತ್ತೆ. ಆ ದಾರೀನೇ ಮುಚ್ತೀನಿ," ಎಂದ ಡಾಕ್ಟರಮ್ಮ, ಸೋಪು, ಬಿಸಿನೀರಿನ ಬಕೆಟ್ಟು ಇಟ್ಟುಕೊಂಡು ಬಾಗಿಲಲ್ಲೇ ನಿಂತರು.

ಸಖರಾಯಪಟ್ಟಣದ ಬಸ್ಸಿಳಿದು ಬಂದ ನಮ್ಮತ್ತೆ ಸಿಡುಕಿದರು: "ಮಿಂದು ಮಡಿ ಉಟ್ಕೊಂಡು ಬಂದಿದ್ದೀನಿ ಕಣ್ರೀ!"

"ಆ ಮಡಿ ಬಸ್ಸಲ್ಲೇ ಹೋಯ್ತು, ಅಮ್ಮಾ. ಮೊದಲು ಕೈ."

ಅತ್ತೆ ಗೊಣಗುತ್ತಲೇ ಕೈ ತೊಳೆದರು. ಮರುದಿನದಿಂದ ಬಾಗಿಲ ಕಾವಲಿಗೆ ಅವರೇ ನಿಂತರು. ಮನೆಯಲ್ಲಿ ಮಡಿ ಕಾಯುವ ಹಟವೆಲ್ಲ ಆ ಬಕೆಟ್ಟಿನ ಕಡೆ ತಿರುಗಿತು. ಕೂಸು ನೋಡಲು ಬಂದ ಗಂಡಸರನ್ನೂ ಗದರಿಸಿ ಕೈ ತೊಳೆಸಿದರು. ಕ್ರಮೇಣ ಹೊಸ ಗುಳ್ಳೆ ಏಳುವುದು ನಿಂತಿತು. ಡಾಕ್ಟರಮ್ಮ ಕೀವು ತೆಗೆದು ಕಟ್ಟಿದ್ದ ನನ್ನ ಮಗಳ ಗಾಯಗಳೂ ಒಣಗಿದವು.

ನಾವು ಮನೆಗೆ ಹೊರಟ ದಿನ ಮಗುವನ್ನು ಎತ್ತಿಕೊಳ್ಳಲು ಡಾಕ್ಟರಮ್ಮ ಅವಸರದಲ್ಲಿ ಬಂದರು. ಅತ್ತೆ ಅಡ್ಡ ನಿಂತರು.

"ಮೊದಲು ಕೈ, ಡಾಕ್ಟ್ರಮ್ಮ!"

ಡಾಕ್ಟರಮ್ಮ ಗಟ್ಟಿಯಾಗಿ ನಕ್ಕುಬಿಟ್ಟರು. ಅತ್ತೆ ಹೊಯ್ಯುತ್ತಿದ್ದ ಚೊಂಬಿನ ನೀರಿಗೆ ಎರಡೂ ಕೈ ಒಡ್ಡಿ, "ನನಗೇ ಕೈ ತೊಳೆಸ್ತೀರಲ್ಲ, ಇನ್ನು ನಾನು ಗೆದ್ದ ಹಾಗೇ ಬಿಡಿ!" ಎಂದರು.