ಬೂಷ್ಟಲ್ಲ, ವಯಸ್ಸು

ಮೊನ್ನೆ ಭಾನುವಾರ ನನ್ನ ಮಗಳು ಫ್ರಿಜ್ಜಿನ ಮೂಲೆಯಿಂದ ಒಂದು ಚಾಕೊಲೇಟನ್ನು ಹೊರತೆಗೆದಳು. ಯಾರೋ ಯಾವಾಗಲೋ ಕೊಟ್ಟದ್ದು. ಅಲ್ಲಿದೆ ಎಂಬುದೇ ನಮಗೆ ಮರೆತುಹೋಗಿತ್ತು. ಕಾಗದ ಬಿಡಿಸಿದರೆ ಮೈತುಂಬ ಬೆಳ್ಳಗೆ ಏನೋ ಹರಡಿಕೊಂಡಿದೆ. "ಅಮ್ಮಾ, ಬೂಷ್ಟು ಬಂದ್ಬಿಟ್ಟಿದೆ, ಎಸೀತೀನಿ" ಎಂದು ಕಸದ ಬುಟ್ಟಿಯ ಕಡೆ ಹೊರಟಳು. "ನಿಲ್ಲೇ!" ಎಂದು ನಾನು ಕೂಗಿದ ಕೂಗಿಗೆ ಪಾಪ, ಬೆಚ್ಚಿ ಅಲ್ಲೇ ನಿಂತಳು. ಒಂದು ಹಳೇ ಚಾಕೊಲೇಟಿಗೆ ಇಷ್ಟು ಅಬ್ಬರ ಯಾಕೆಂದು ನಿಮಗೂ ಅನ್ನಿಸಬಹುದು. ಅದನ್ನು ಕಿಟಕಿಯ ಬೆಳಕಿಗೆ ಒಯ್ದು, ಓರೆಯಾಗಿ ಹಿಡಿದು, ಬೆರಳಿನಿಂದ ಒಮ್ಮೆ ಒರೆಸಿ, ಮೂಸಿ ನೋಡಿ, "ಬೂಷ್ಟಲ್ಲ ಕಣೇ, ಇದು ವಯಸ್ಸು" ಎಂದೆ. ಅದು ನನ್ನ ಮಾವನವರ ಮಾತು.

ನಾನು ಮದುವೆಯಾಗಿ ಚಾಮರಾಜಪೇಟೆಯ ಈ ಮನೆಗೆ ಬಂದದ್ದು ತೊಂಬತ್ತರ ದಶಕದ ನಡುವೆ. ತವರು ಬಸವನಗುಡಿ, ನಡೆದರೆ ಅರ್ಧ ಗಂಟೆಯ ದಾರಿ. ಆದರೂ ಅಮ್ಮ ನನ್ನನ್ನು ಕಾಶಿಯಾತ್ರೆಗೆ ಕಳಿಸುವವಳಂತೆ ಅತ್ತು ಕಳಿಸಿದ್ದಳು. ಮಾವನವರು ತಂತಿ ಕಚೇರಿಯಲ್ಲಿದ್ದು ನಿವೃತ್ತರಾದವರು. ಸಂಧ್ಯಾವಂದನೆ ತಪ್ಪಿಸಿದವರಲ್ಲ, ಈರುಳ್ಳಿ ಮುಟ್ಟಿದವರಲ್ಲ. ಅಂಥವರ ನಡುಮನೆಯ ಬೀರುವಿನ ಮೇಲೆ ಒಂದು ಮರದ ಪೆಟ್ಟಿಗೆ, ಅದರೊಳಗೆ ಸಾಲಾಗಿ ಮಲಗಿದ ಸಿಗಾರುಗಳು!

ಅವು ವಿನ್ಸೆಂಟ್ ಅಂಕಲ್ ಕೊಟ್ಟದ್ದು. ಅವರೂ ಮಾವನವರೂ ಮೂವತ್ತು ವರ್ಷ ಒಂದೇ ಕಚೇರಿಯಲ್ಲಿ ಅಕ್ಕಪಕ್ಕದ ಕುರ್ಚಿಯಲ್ಲಿ ಕೂತು ಊರಿನ ಸಾವು, ಹುಟ್ಟು, ವರ್ಗಾವಣೆಗಳನ್ನೆಲ್ಲ ತಂತಿ ಯಂತ್ರದಲ್ಲಿ ಕಟ್ಟುಕಡ ಎಂದು ಕುಟ್ಟಿ ಕಳಿಸಿದವರು. ಅಂಕಲ್‌ನ ತಮ್ಮ ಹಡಗಿನ ಕೆಲಸದಲ್ಲಿದ್ದ. ಅವನು ಯಾವುದೋ ದೇಶದಿಂದ ತಂದ ಪೆಟ್ಟಿಗೆಯನ್ನು ಇಬ್ಬರೂ ಒಟ್ಟಿಗೆ ನಿವೃತ್ತರಾದ ದಿನ ಅಂಕಲ್ ಮಾವನವರ ಕೈಯಲ್ಲಿಟ್ಟರಂತೆ. ಆವತ್ತೇ ಒಪ್ಪಂದವಾಯಿತು: ಪ್ರತಿವರ್ಷ ಅದೇ ದಿನ ನಮ್ಮ ತಾರಸಿಯ ಮೇಲೆ ಕೂತು ಇಬ್ಬರೂ ಒಂದೊಂದು ಸೇದುವುದು. ಮಿಕ್ಕ ದಿನ ಮುಟ್ಟುವಂತಿಲ್ಲ. ಪೆಟ್ಟಿಗೆಯೊಳಗಿನ ಹದ ಆರದಂತೆ ಮಾವನವರು ಒಂದು ಹಣತೆಯಲ್ಲಿ ಒದ್ದೆ ಹತ್ತಿ ಇಟ್ಟಿದ್ದರು. ಕಾರ್ತಿಕದಲ್ಲಿ ಎಣಿಸುವಾಗ ಒಂದು ಹಣತೆ ಕಡಿಮೆ ಬಂತೆಂದು ಅತ್ತೆ ಮನೆಯೆಲ್ಲ ಹುಡುಕಿದ್ದರಂತೆ.

ಅತ್ತೆಯ ಪಾಲಿಗೆ ಆ ಪೆಟ್ಟಿಗೆ ಇರಲೇ ಇಲ್ಲ. ಬೀರುವಿನ ಧೂಳು ಒರೆಸುವಾಗ ಅದರ ಸುತ್ತ ಬಟ್ಟೆ ಆಡಿಸಿ ಬಿಟ್ಟುಬಿಡುವರು. ಅವರ ಕಟ್ಟಪ್ಪಣೆ ಒಂದೇ: "ಆ ಚುಟ್ಟಾ ನಡುಮನೆಯಿಂದ ಹೊಸಿಲು ದಾಟಿ ಒಳಗಡೆ ಬರಕೂಡದು." ಸೇದುವ ದಿನ ಮಧ್ಯಾಹ್ನವೇ ದೇವಸ್ಥಾನಕ್ಕೆ ಹೊರಟರೆ, ಮಾವನವರು ಸ್ನಾನ ಮಾಡಿ ಮುಗಿಸಿದ ಮೇಲೇ ವಾಪಸ್ಸು. ಇದನ್ನು ಜಗಳ ಅಂದುಕೊಳ್ಳಬೇಡಿ. ನಾನು ಕಂಡಂತೆ ಅವರಿಬ್ಬರ ನಡುವೆ ಇದ್ದ ಪ್ರೀತಿಯೆಲ್ಲ ಇಂಥ ಏರ್ಪಾಡುಗಳಲ್ಲೇ ಇತ್ತು.

ನಾನು ಬಂದ ಮೊದಲ ಬೇಸಿಗೆ. ನಾದಿನಿಯ ಬಾಣಂತನಕ್ಕೆಂದು ಅತ್ತೆ ಮೈಸೂರಿಗೆ ಹೋಗಿದ್ದರು. ನಾನು ಮೇಡಮ್ಮಾಗಿದ್ದ ಶಾಲೆಗೂ ರಜೆ. ಇಡೀ ಮನೆ ನನ್ನ ಕೈಗೆ ಸಿಕ್ಕಿತ್ತು, ಹೊಸ ಸೊಸೆಯ ಹುರುಪು ಬೇರೆ. ತಾರಸಿಯ ಮೇಲೆ ಅರಳು ಸಂಡಿಗೆ ಇಟ್ಟು ಕೆಳಗಿಳಿದವಳು, ಕೈ ಸುಮ್ಮನಿರದೆ ಬೀರು ಒರೆಸಲು ಹೋಗಿ ಪೆಟ್ಟಿಗೆಯ ಮುಚ್ಚಳ ತೆಗೆದೆ. ಒಂದೊಂದರ ಮೇಲೂ ಬೆಳ್ಳಗೆ! ನಾನು ಉಪ್ಪಿನಕಾಯಿಗೆ ಹೆಸರಾದ ಮನೆಯಿಂದ ಬಂದವಳು. ಜಾಡಿಯಲ್ಲಿ ಬೂಷ್ಟು ಕಂಡರೆ ಅಮ್ಮ ಮನೆತನದ ಮಾನ ಹೋದಂತೆ ಆಡುತ್ತಿದ್ದಳು. ನಮಗೆ ಗೊತ್ತಿದ್ದ ಮದ್ದು ಒಂದೇ, ಬಿಸಿಲು. ಒಂದೊಂದನ್ನೂ ಒಣ ಬಟ್ಟೆಯಲ್ಲಿ ನಿಗಾದಿಂದ ಒರೆಸಿದೆ. ಮಾವನವರ ಹಳೇ ಪಂಚೆ ಹಾಸಿ, ಸಂಡಿಗೆಯ ಪಕ್ಕದಲ್ಲೇ ಸಾಲಾಗಿ ಜೋಡಿಸಿದೆ. ಕಾಗೆ ಬಾರದಿರಲೆಂದು ಕಪ್ಪು ಕೊಡೆಯೊಂದನ್ನು ಬಿಚ್ಚಿ ಮೂಲೆಗಿಟ್ಟೆ.

ಸಂಜೆ ಕಾಫಿ ಕೊಡುವಾಗ ಹೆಮ್ಮೆಯಿಂದ ಹೇಳಿದೆ. "ಮಾವ, ನಿಮ್ ಪೆಟ್ಟಿಗೇಲಿ ಎಲ್ಲಾ ಬೂಷ್ಟು ಹಿಡಿದಿತ್ತು. ಒರೆಸಿ ಬಿಸಿಲಿಗೆ ಹಾಕಿದೀನಿ."

ಅವರು ಲೋಟ ಕೆಳಗಿಟ್ಟು ಮೆಟ್ಟಿಲು ಹತ್ತಿದ ರಭಸ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದೆ. ಹಿಂದೆಯೇ ಓಡಿದೆ. ಅವರು ಒಂದನ್ನು ಎತ್ತಿದರೆ ಮೇಲಿನ ಎಲೆ ಹಪ್ಪಳದ ಹಾಗೆ ಚಟಪಟ ಎಂದು ಬಿರಿದು ಕೈಗೆ ಬಂತು. ಅವರು ಬೈಯಲಿಲ್ಲ. ಎಲ್ಲವನ್ನೂ ಪಂಚೆಯಲ್ಲಿ ಬಳಿದುಕೊಂಡು, ತಾರಸಿಯ ಕಟ್ಟೆಯ ಮೇಲೆ ಕೂತು, ಮೆಲ್ಲಗೆ ಅಂದರು: "ಬೂಷ್ಟಲ್ಲಮ್ಮ ಅದು, ವಯಸ್ಸು. ಹಳೇದಾಗಿ ಹದ ಬಂದಾಗ ಒಳಗಿನ ಎಣ್ಣೆ ಹೊರಗೆ ಬಂದು ಹಂಗೆ ಬೆಳ್ಳಗಾಗುತ್ತೆ. ಅದು ಬರ್ಲಿ ಅಂತ್ಲೇ ಐದ್ ವರ್ಷದಿಂದ ಕಾಯ್ತಿದ್ವಿ."

ಅಷ್ಟೇ ಆಗಿದ್ದರೆ ಹೇಗೋ ಸಹಿಸಬಹುದಿತ್ತು. ಆ ವರ್ಷ ವಿನ್ಸೆಂಟ್ ಅಂಕಲ್‌ಗೆ ಹೃದಯದ ಕಾಯಿಲೆಯಾಗಿ ಎರಡು ತಿಂಗಳು ಹಾಸಿಗೆ ಹಿಡಿದಿದ್ದರು. ವಾರಕ್ಕೊಮ್ಮೆ ಫೋನು ಮಾಡಿ ಕೇಳುತ್ತಿದ್ದುದು ಒಂದೇ ಪ್ರಶ್ನೆ: "ಮೂರ್ತಿ, ಬಿಳಿ ಬಂತಾ?" ಹಿಂದಿನ ವಾರವಷ್ಟೇ ಮಾವನವರು "ಬಂತು ಕಣಯ್ಯಾ, ಬಂತು!" ಎಂದು ಕೂಗಿ ಹೇಳಿದ್ದರು. ಅದನ್ನು ಕಣ್ಣಾರೆ ನೋಡಲೆಂದೇ ಅಂಕಲ್ ಬರುವ ಶನಿವಾರಕ್ಕೆ ಆಟೋ ಗೊತ್ತುಮಾಡಿಕೊಂಡಿದ್ದರು. ಅವರನ್ನು ಹಾಸಿಗೆಯಿಂದ ಎಬ್ಬಿಸಿದ ಆ ಬಿಳಿಯನ್ನು ನಾನು ಒಂದು ಗಂಟೆಯಲ್ಲಿ ಒರೆಸಿ ಚೊಕ್ಕಟ ಮಾಡಿದ್ದೆ.

"ಬೇರೆ ತಂದ್ರಾಯ್ತು ಬಿಡಿ ಅಪ್ಪಾ" ಎಂದು ನನ್ನ ಗಂಡ ಸಮಾಧಾನ ಹೇಳಲು ಬಂದರು. "ಸಿಗಾರ್ ತರ್ತೀಯಪ್ಪ, ಐದ್ ವರ್ಷ ಎಲ್ಲಿಂದ ತರ್ತೀಯ?" ಎಂದರು ಮಾವನವರು. ಶನಿವಾರಕ್ಕೆ ಇನ್ನು ನಾಲ್ಕೇ ದಿನ. ಈ ಮನೆಯಲ್ಲಿ ಇನ್ನು ಯಾರೂ ನನ್ನ ಕೈಗೆ ಏನನ್ನೂ ನಂಬಿ ಕೊಡಲಾರರು ಅನ್ನಿಸಿಬಿಟ್ಟಿತ್ತು.

ಶನಿವಾರ ಅಂಕಲ್ ಬಂದರು. ಅರ್ಧಕ್ಕರ್ಧ ಇಳಿದುಹೋಗಿದ್ದರು, ಷರಟು ಗೂಟಕ್ಕೆ ನೇತುಹಾಕಿದಂತಿತ್ತು. ಮಾವನವರು ಬಾಯಿ ತೆರೆಯುವ ಮೊದಲೇ ನಾನು ಬಾಗಿಲಲ್ಲೇ ಒದರಿಬಿಟ್ಟೆ: "ಅಂಕಲ್, ಮಾವಂದೇನೂ ತಪ್ಪಿಲ್ಲ, ನಾನೇ ಹಾಳು ಮಾಡಿದ್ದು." ಅವರು ಪೆಟ್ಟಿಗೆ ತರಿಸಿ ಒಳಗೆ ನೋಡಿದರು. ನನ್ನ ಮುಖ ನೋಡಿದರು. ಆಮೇಲೆ ಕೆಮ್ಮು ಬರುವವರೆಗೂ ನಕ್ಕರು. "ಮೂರ್ತೀ, ನಿನ್ ಸೊಸೆ ನಮ್ ಸಿಗಾರ್‌ಗೆ ಸಂಡಿಗೆ ಯೋಗ ತಂದ್ಬಿಟ್ಳಲ್ಲೋ!"

ನಕ್ಕಾದ ಮೇಲೆ ರಾಶಿಯನ್ನೆಲ್ಲ ಕೆದಕಿ, ಕೊಡೆಯ ನೆರಳಿಗೆ ಬಿದ್ದು ಬದುಕಿದ್ದ ಒಂದನ್ನು ಆರಿಸಿದರು. ಅದರ ಕಾಗದದ ಪಟ್ಟಿಯ ಅಂಚಿನಲ್ಲಿ, ನನ್ನ ಬಟ್ಟೆ ತಲುಪದ ಕಡೆ, ಚೂರು ಬಿಳಿ ಉಳಿದಿತ್ತು. ನನ್ನನ್ನು ಕಿಟಕಿಗೆ ಕರೆದು ಮಾವನವರ ಭೂತಗನ್ನಡಿ ಕೈಗಿತ್ತರು. "ನೋಡಮ್ಮಾ, ಇದು ಪೌಡರ್ ಹಾಕ್ದಂಗೆ ಸಮವಾಗಿದೆ, ಅಲ್ವಾ? ಒರೆಸಿದ್ರೆ ಹೋಗುತ್ತೆ, ಕಲೆ ಉಳಿಯಲ್ಲ. ಬೂಷ್ಟಾದ್ರೆ ಅಲ್ಲೊಂದು ಇಲ್ಲೊಂದು ಚುಕ್ಕೆ, ಮೇಲೆ ಕೂದ್ಲು ಎದ್ದಂಗಿರುತ್ತೆ. ಒರೆಸಿದ್ರೂ ಕೆಳಗೆ ಕಲೆ ಇರುತ್ತೆ. ತುದೀಲಿ ಒಳಗಡೆ ಬಿಳಿ ಕಂಡ್ರಂತೂ ಡೌಟೇ ಬೇಡ, ಬೂಷ್ಟೇ."

ನಾನು ನಾಲಿಗೆ ಕಚ್ಚಿಕೊಂಡೆ. ಅಮ್ಮನ ಉಪ್ಪು ನಿಂಬೆಕಾಯಿಯ ಮೇಲೆ ಉಪ್ಪು ಬೆಳ್ಳಗೆ ಕೂತದ್ದಕ್ಕೂ, ಜಾಡಿಯ ಬಾಯಲ್ಲಿ ಬೂಷ್ಟು ಎದ್ದದ್ದಕ್ಕೂ ಇರುವ ವ್ಯತ್ಯಾಸವೇ ಇದು. ಹುಟ್ಟಿದಾಗಿನಿಂದ ಗೊತ್ತಿದ್ದ ಪಾಠ, ಬೇಕಾದ ಹೊತ್ತಿಗೆ ಕೈಕೊಟ್ಟಿತ್ತು. ಮೈದಾ ಅಂಟು ಕಾಯಿಸಿ ಬಿರಿದ ಎಲೆಗಳನ್ನು ಆದಷ್ಟು ಅಂಟಿಸಿದೆ. ಒಪ್ಪಂದದ ದಿನವಲ್ಲದಿದ್ದರೂ ಆವತ್ತು ಇಬ್ಬರೂ ಸೇದಿದರು, ಅಂಥವನ್ನೇ. ಡಾಕ್ಟರ ಆಜ್ಞೆಯೆಂದು ಅಂಕಲ್ ಎರಡೇ ದಮ್ಮು ಎಳೆದು, "ಪರ್ವಾಗಿಲ್ಲ, ಸ್ವಲ್ಪ ಸಂಡಿಗೆ ವಾಸ್ನೆ" ಎಂದರು. ಹೊರಡುವಾಗ ಪೆಟ್ಟಿಗೆಯನ್ನು ನನ್ನ ಕೈಗೇ ಕೊಟ್ಟು, "ಇನ್ಮೇಲೆ ಇದು ನಿನ್ ಜವಾಬ್ದಾರಿ" ಅಂದುಬಿಟ್ಟರು. ಅಡುಗೆಮನೆಗೆ ಹೋಗಿ ಮನಸಾರೆ ಅತ್ತುಬಿಟ್ಟೆ.

ಅಂದಿನಿಂದ ತಿಂಗಳಿಗೊಮ್ಮೆ ಮಾವನವರು "ಬಾರಮ್ಮ, ಪರೀಕ್ಷೆ" ಎಂದು ಕರೆಯುವರು. ಕಿಟಕಿಯ ಬಳಿ ಇಬ್ಬರೂ ತಲೆಗೆ ತಲೆ ಹಚ್ಚಿ ಕೂರುವೆವು. ಒಂದು ಶ್ರಾವಣದಲ್ಲಿ ನಾನು ಅತಿ ಕಾಳಜಿಯಿಂದ ಹಣತೆಯ ಹತ್ತಿಯನ್ನು ಮುಳುಗುವಷ್ಟು ನೆನೆಸಿದ್ದೆ. ಮತ್ತೆ ಬಿಳಿ ಕಾಣಿಸಿತು. ನಾನು ಬೂಷ್ಟು ಅಂದೆ, ಅವರು ವಯಸ್ಸು ಅಂದರು, ವಾದ ಬೆಳೆಯಿತು. ಅಡುಗೆಮನೆಯಿಂದ ಅತ್ತೆ ಸೀದಾ ಬಂದರು. ಸೆರಗಿಗೆ ಕೈ ಒರೆಸಿಕೊಂಡು, ಒಂದೊಂದನ್ನೇ ಎತ್ತಿ ಮೂಗಿಗೆ ಹಿಡಿದರು. "ಇದು ಬೂಷ್ಟು. ಇದೂ ಬೂಷ್ಟು. ಮಿಕ್ಕಿದ್ದಲ್ಲ. ಈ ಎರಡನ್ನ ಎತ್ತಿ ಎಸೀರಿ, ಇಲ್ದಿದ್ರೆ ಎಲ್ಲಕ್ಕೂ ಹತ್ತುತ್ತೆ." ಅಷ್ಟು ಹೇಳಿ ಬಚ್ಚಲಿಗೆ ಹೋಗಿ ಮೂರು ಸಲ ಕೈ ತೊಳೆದುಕೊಂಡರು. ಭೂತಗನ್ನಡಿಯಲ್ಲಿ ನೋಡಿದರೆ ಅವರು ತೆಗೆದ ಎರಡರ ತುದಿಯಲ್ಲೂ ಒಳಗೆ ಬಿಳಿ. ನಲವತ್ತು ವರ್ಷ ಜಾಡಿ ಮೂಸಿದ ಮೂಗು! ಮಾವನವರು ನನ್ನತ್ತ ಬಾಗಿ, "ಇಷ್ಟ್ ವರ್ಷ ಪೆಟ್ಟಿಗೇನೇ ನೋಡಿಲ್ಲ ಅಂತಿದ್ಲಲ್ಲಮ್ಮ" ಎಂದು ಪಿಸುಗುಟ್ಟಿದರು.

ವಿನ್ಸೆಂಟ್ ಅಂಕಲ್ ಡಾಕ್ಟರ ಲೆಕ್ಕವನ್ನೆಲ್ಲ ಮೀರಿ ಎಂಟು ವರ್ಷ ಬದುಕಿದರು. ಅವರು ತೀರಿಕೊಂಡಾಗ ಪೆಟ್ಟಿಗೆಯಲ್ಲಿ ಎರಡು ಉಳಿದಿದ್ದವು. ಆ ವರ್ಷದ ದಿನ ಬಂದಾಗ ನಾನೇ ಬೆಂಕಿಪೊಟ್ಟಣ ತೆಗೆದುಕೊಂಡು ಹೋಗಿ ಮಾವನವರ ಮುಂದೆ ನಿಂತೆ. "ಒಬ್ನೇ ಸೇದೋದಲ್ಲಮ್ಮ ಅದು" ಎಂದರು. ಆದರೆ ತಿಂಗಳ ಪರೀಕ್ಷೆ ತಪ್ಪಲಿಲ್ಲ, ಅವರು ಹೋಗುವವರೆಗೂ. ಅವರು ಹೋಗಿ ಮೂರು ವರ್ಷವಾಯಿತು. ಆಮೇಲೆ ನಾನು ಆ ಮುಚ್ಚಳ ತೆಗೆಯಲಿಲ್ಲ. ಧೈರ್ಯವಾಗಲಿಲ್ಲ, ಅಷ್ಟೇ.

ಈ ಮಳೆಗಾಲದಲ್ಲಿ ತಾರಸಿ ಸೋರಿ ಬೀರುವಿನ ಹಿಂದಿನ ಗೋಡೆ ನೆನೆದಿದೆ. ಚಾಕೊಲೇಟ್ ಕೈಯಲ್ಲಿದ್ದಾಗ ಆ ಗೋಡೆ ನೆನಪಾಗಿ, ಚಾಕೊಲೇಟನ್ನು ಮಗಳ ಕೈಗೆ ಕೊಟ್ಟೆ. ಸ್ಟೂಲು ಹತ್ತಿ ಪೆಟ್ಟಿಗೆ ಇಳಿಸಿ ತೆರೆದೆ. ಎರಡರ ಮೇಲೂ ಬಿಳಿ. ಕಿಟಕಿಗೆ ಒಯ್ದೆ, ಕನ್ನಡಕ ಹಾಕಿಕೊಂಡೆ, ಓರೆ ಹಿಡಿದೆ. ಅದು ವಯಸ್ಸೇ ಆಗಿರಲಿ ಎಂದು ಎಷ್ಟು ಆಸೆಪಟ್ಟೆನೆಂದರೆ, ನನ್ನ ಕಣ್ಣನ್ನು ನಾನೇ ನಂಬದಾದೆ. ಒರೆಸಿ ನೋಡಲು ಕೈ ಬರಲಿಲ್ಲ. ಒಮ್ಮೆ ಒರೆಸಿದವಳು ನಾನು.

ಅತ್ತೆ ನಡುಮನೆಯ ಕುರ್ಚಿಯಲ್ಲಿ ಕೂತಿದ್ದರು. ಈಗ ಅವರಿಗೆ ಕಣ್ಣು ಮಂಜು. ಪೆಟ್ಟಿಗೆಯನ್ನು ಅವರ ತೊಡೆಯ ಮೇಲಿಟ್ಟು, "ಅತ್ತೆ, ಒಂದ್ಸಲ ನೋಡಿ" ಎಂದೆ. ಅವರು ಮುಚ್ಚಳದ ಮೇಲೆ ಕೈಯಾಡಿಸಿದರು. ಮೊದಲನೆಯದನ್ನು ಮೂಸಿ ಬದಿಗಿಟ್ಟರು. ಎರಡನೆಯದನ್ನು ಮೂಗಿನ ಬಳಿ ಹಿಡಿದು ಬಹಳ ಹೊತ್ತು ಹಾಗೇ ಕೂತರು. ನನ್ನ ಮಗಳು ಚಾಕೊಲೇಟ್ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದಳು.

"ಬೂಷ್ಟಲ್ಲ" ಎಂದರು.

ನನಗೆ ಹೋದ ಜೀವ ಬಂತು. "ಬೀರು ಮೇಲೇ ಇಡ್ಲಾ?" ಎಂದೆ.

"ಅಲ್ಲಿ ಗೋಡೆ ಒದ್ದೆ ಅಲ್ವೇನೇ? ಒಳಗೆ ನನ್ ಕೋಣೇಲಿಡು, ಮಂಚದ ಪಕ್ಕ."

ಪೆಟ್ಟಿಗೆಯನ್ನು ಎತ್ತಿಕೊಂಡು ಹೊಸಿಲು ದಾಟಿ ಒಳಗಿಟ್ಟು ಬಂದೆ. ಅವರ ಬೆರಳಿಗೆ ಬಿಳಿಪುಡಿ ಹತ್ತಿತ್ತು. ಅಭ್ಯಾಸಬಲದಿಂದ ಕೇಳಿದೆ: "ಕೈ ತೊಳ್ಕೊಳ್ಳೋಕೆ ನೀರು ತರ್ಲಾ ಅತ್ತೆ?"

"ಬೇಡ, ಇರ್ಲಿ ಬಿಡು" ಎಂದು ಆ ಕೈಯನ್ನು ಮಡಿಲಲ್ಲಿಟ್ಟುಕೊಂಡರು.