ಹಸಿ ತೊಗರಿಯ ಭಾನುವಾರಗಳು

ನನ್ನ ಗಂಡನಿಗೆ ಮೂತ್ರಪಿಂಡದ ಕಾಯಿಲೆ ಎಂದು ತಿಳಿದ ದಿನ ಡಾಕ್ಟರು ಹೇಳಿದ್ದು ಸ್ವಲ್ಪವೇ. ಬೇಳೆ ಕಡಿಮೆ ಮಾಡಿ, ರಕ್ತದಲ್ಲಿ ಪೊಟ್ಯಾಸಿಯಂ ಏರಿದರೆ ಹೃದಯಕ್ಕೇ ಅಪಾಯ, ಏರದಂತೆ ನೋಡಿಕೊಳ್ಳಿ, ಡಯಾಲಿಸಿಸ್ ಮಷೀನಿನಿಂದ ಇನ್ನೂ ಕೆಲವು ವರ್ಷ ದೂರ ಇರಬಹುದು. ಆ ಕೆಲವು ವರ್ಷಗಳನ್ನು ಉಳಿಸುವುದು ನನ್ನ ಕೆಲಸ ಎಂದುಕೊಂಡು ನಾಗಪುರದ ಹತ್ತಿರದ ಖಾಪರಖೇಡಾದ ಕ್ವಾರ್ಟರ್ಸಿಗೆ ಮರಳಿದೆ. ಅವರು ಅಲ್ಲಿನ ವಿದ್ಯುತ್ ಸ್ಥಾವರದಲ್ಲಿ ನೌಕರಿಯಲ್ಲಿದ್ದರು.

ನಾವು ಕಲಬುರಗಿ ಕಡೆಯವರು. ತೊಗರಿ ಬೇಳೆಯಿಲ್ಲದ ಊಟವನ್ನು ಅವರು ಊಟವೆಂದು ಒಪ್ಪುತ್ತಿರಲಿಲ್ಲ. ಬೇಳೆಯನ್ನು ನೆನೆಸಿ, ಆ ನೀರು ಚೆಲ್ಲಿ, ಬೇರೆ ನೀರಿನಲ್ಲಿ ಕುದಿಸಿ, ಅದನ್ನೂ ಬಸಿದು, ಬಟ್ಟಲಿನ ತಳ ಮುಚ್ಚುವಷ್ಟು ಬಡಿಸುತ್ತಿದ್ದೆ.

"ಇದು ಬ್ಯಾಳಿ ಅಲ್ಲ, ಬ್ಯಾಳಿ ಫೋಟೋ. ಒಂದು ಹಾರ ಹಾಕಿ ಗ್ವಾಡಿಗೆ ತೂಗಹಾಕು," ಎನ್ನುತ್ತಿದ್ದರು. ಆದರೂ ತಿನ್ನುತ್ತಿದ್ದರು. ಅವರಿಗೂ ಮಷೀನಿನ ಭಯವಿತ್ತು.

ಅವರ ಅಕ್ಕನ ಮನೆ ನಾಗಪುರದ ಹಳೇ ಪೇಟೆಯಾದ ಮಹಾಲಿನ ಒಂದು ಗಲ್ಲಿಯಲ್ಲಿ. ತಾಯಿಯಿಲ್ಲದ ತಮ್ಮನನ್ನು ಊರಿಂದ ಕರೆತಂದು ಬೆಳೆಸಿದವರು ಅವರು. ಪ್ರತಿ ಭಾನುವಾರ ಮಧ್ಯಾಹ್ನ ಅಲ್ಲಿ ಉಣ್ಣುವುದು ನಮ್ಮ ಮದುವೆಗೂ ಮುಂಚಿನ ರೂಢಿ. ಹೊರಡುವಾಗ ಸ್ಟೀಲಿನ ಡಬ್ಬಿಯಲ್ಲಿ ಶಾವಿಗೆಯನ್ನೋ ಜೋಳದ ಹಿಟ್ಟನ್ನೋ ಹಾಕಿಕೊಡುತ್ತಿದ್ದರು. ಡಬ್ಬಿಯನ್ನು ಬರಿದಾಗಿ ಮರಳಿಸುವ ಪದ್ಧತಿ ನಮ್ಮಲ್ಲಿಲ್ಲ. ನಾನು ಒಂದು ಹಿಡಿ ಸಕ್ಕರೆಯನ್ನಾದರೂ ಹಾಕಿ ಒಯ್ಯುತ್ತಿದ್ದೆ.

ಕಾಯಿಲೆಯ ಸುದ್ದಿ ಕೇಳಿ ಅಕ್ಕ ಅತ್ತರು. ಆಮೇಲೆ ಕಣ್ಣೊರೆಸಿಕೊಂಡು, "ಇವ ಬರೋ ದಿನ ನನ್ನ ಮನ್ಯಾಗ ಬ್ಯಾಳಿ ಕುದಿಯಂಗಿಲ್ಲ," ಎಂದರು. ಆ ಮಾತನ್ನು ಅವರು ಉಳಿಸಿಕೊಂಡರು. ಭಾನುವಾರ ಆ ಮನೆಯಲ್ಲಿ ಮೊಮ್ಮಕ್ಕಳಿಗೂ ಬೇಳೆ ಇರುತ್ತಿರಲಿಲ್ಲ. ಇದನ್ನು ನಾನು ಅಲ್ಲಗಳೆಯುವುದಿಲ್ಲ.

ನಂತರ ಚಳಿಗಾಲ ಬಂತು. ನಾಗಪುರದ ಚಳಿಗಾಲವೆಂದರೆ ಹಸಿ ತೊಗರಿ ಕಾಯಿ. ಸುಲಿದ ಹಸಿರು ಕಾಳಿಗೆ ಇಲ್ಲಿನವರು ಸೋಲೆ ಎನ್ನುತ್ತಾರೆ. ಅದನ್ನು ಮಾರುವುದು ಕಾಯಿಪಲ್ಯದವರ ಗಾಡಿಯಲ್ಲಿ, ಬದನೆ ಮತ್ತು ಮೆಂತ್ಯಸೊಪ್ಪಿನ ಪಕ್ಕ. ಬೇಳೆ ಸಿಗುವುದು ಕಿರಾಣಿ ಅಂಗಡಿಯಲ್ಲಿ. ಎರಡೂ ಒಂದೇ ಗಿಡದ್ದು ಎಂದು ನಮ್ಮ ಮೂವರಿಗೂ ಗೊತ್ತಿತ್ತು. ಆದರೆ ಹಸಿಯದು ಕಾಯಿಪಲ್ಯ, ಒಣಗಿದ್ದು ಬೇಳೆ. ಹುಟ್ಟಿದಾಗಿನಿಂದ ಹಾಗೆಯೇ ಕೇಳಿ ಬೆಳೆದವರು ನಾವು.

ಭಾನುವಾರದ ಊಟಕ್ಕೆ ಅಕ್ಕ ಬೇಳೆಯ ಬದಲು ಸೋಲೆಯ ಪಲ್ಯ ಮಾಡತೊಡಗಿದರು. ಮೊದಲ ಭಾನುವಾರದ ಕಾಳು ಚಪ್ಪಟೆಯಾಗಿತ್ತು. ಉಗುರು ತಾಕಿದರೆ ನೀರು ಬರುತ್ತಿತ್ತು, ಬಾಯಿಗೆ ಹಾಕಿಕೊಂಡರೆ ಸಿಹಿ. ಪಲ್ಯದ ರಸ ತಟ್ಟೆಯಲ್ಲಿ ಹರಿದಾಡಿತು. ವಾರ ಕಳೆದಂತೆ ಕಾಳು ಉಬ್ಬಿತು, ಸಿಹಿ ಕಡಿಮೆಯಾಯಿತು, ಸಿಪ್ಪೆ ಹಲ್ಲಿಗೆ ಸಿಗತೊಡಗಿತು. ಸಂಕ್ರಾಂತಿಯ ಹೊತ್ತಿಗೆ ಅಕ್ಕನ ಪಲ್ಯ ತಾನಾಗಿಯೇ ಗಟ್ಟಿಯಾಗಿ, ಸೌಟಿನಿಂದ ಒಂದೇ ಮುದ್ದೆಯಾಗಿ ಬೀಳುತ್ತಿತ್ತು.

"ಅಕ್ಕಾ, ಹಿಟ್ಟು ಹಾಕೀರೇನು?" ಎಂದು ಕೇಳಿದೆ.

"ಹಿಟ್ಟು ಯಾಕ ಹಾಕ್ಲಿ? ಕಾಳು ಬರೋಬರ್ ತುಂಬ್ಯಾವ. ಎಳೇದು ತಂದ್ರ ಗಡಿಗ್ಯಾಗ ಎಲ್ಲಿ ಹೋತು ಅಂತ ಹುಡುಕಬೇಕು."

ಅದೇ ತಿಂಗಳುಗಳಲ್ಲಿ ಗಂಡನ ರಕ್ತದ ಪೊಟ್ಯಾಸಿಯಂ ಪರೀಕ್ಷೆಯಿಂದ ಪರೀಕ್ಷೆಗೆ ಏರತೊಡಗಿತು. ಡಾಕ್ಟರು ನನ್ನನ್ನು ಕೇಳಿದರು: ಬಾಳೆಹಣ್ಣು? ಎಳನೀರು? ಬೇಳೆ? ಹಣ್ಣು, ಎಳನೀರು ಇಲ್ಲ, ಬೇಳೆ ನೀರು ಚೆಲ್ಲಿ ಬಟ್ಟಲಿನ ತಳಕ್ಕಷ್ಟೇ ಎಂದೆ. ಅವರ ಅಕ್ಕನ ಮನೆಯಲ್ಲಿ? ಅಲ್ಲಿಯೂ ಬೇಳೆ ಮುಟ್ಟಿಲ್ಲ ಎಂದು ಗಂಡ ಹೇಳಿದರು. ಇಬ್ಬರೂ ನಿಜವನ್ನೇ ಹೇಳಿದೆವು. "ಎಲ್ಲೋ ತಪ್ಪುತ್ತಿದೆ. ಅಡುಗೆ ಮಾಡುವವರು ನೀವೇ ಅಲ್ಲವೇ?" ಎಂದರು ಡಾಕ್ಟರು.

ಮನೆಗೆ ಬಂದು ಟೊಮೆಟೊ ನಿಲ್ಲಿಸಿದೆ, ಆಲೂಗಡ್ಡೆ ನಿಲ್ಲಿಸಿದೆ, ಬಟ್ಟಲಿನ ಬೇಳೆಯನ್ನು ಇನ್ನಷ್ಟು ಇಳಿಸಿದೆ. ಅವರು ಬಡವಾದರು. ಭಾನುವಾರ ಅಕ್ಕ ಅವರ ಮುಖ ಹಿಡಿದು ಬೆಳಕಿಗೆ ತಿರುಗಿಸಿದರು.

"ಗಲ್ಲ ಒಳಗ ಹೋಗ್ಯಾವ ನೋಡು. ಹೊಟ್ಟಿಗೆ ಏನ್ ಹಾಕ್ತೀಯವಾ ನನ್ನ ತಮ್ಮಗ, ಗಾಳಿನಾ? ಪೊಲೀಸ್ ಠಾಣ್ಯಾಗೂ ಇದಕ್ಕಿಂತ ಛಲೋ ಉಣ್ಣಿಸ್ತಾರ."

"ಠಾಣ್ಯಾಗ ಜಾಮೀನಾದ್ರೂ ಸಿಗ್ತದ ಅಕ್ಕಾ," ಎಂದರು ಇವರು. ಇಬ್ಬರೂ ನಕ್ಕರು. ಅಕ್ಕ ಮತ್ತೆರಡು ಸೌಟು ಬಡಿಸಿದರು. ನಾನು ಮನೆಯಲ್ಲಿ ಇಳಿಸಿದಷ್ಟೂ ಅಲ್ಲಿ ಏರುತ್ತಿತ್ತು. ಅದು ಕಾಯಿಪಲ್ಯ, ಆದ್ದರಿಂದ ಯಾರೂ ತಡೆಯಲಿಲ್ಲ.

ಅಂಥ ಒಂದು ಭಾನುವಾರದ ಮರುದಿನ ಬೆಳಿಗ್ಗೆ ಅವರು ಹಾಸಿಗೆಯಿಂದ ಏಳಲು ಹೋಗಿ ಕುಳಿತುಬಿಟ್ಟರು. "ಕಾಲು ನನ್ನವಲ್ಲ ಅನಸ್ಲಿಕ್ಕತ್ಯಾವ," ಎಂದರು. ದನಿಯಲ್ಲಿ ಹೆದರಿಕೆಯಿರಲಿಲ್ಲ, ಆಶ್ಚರ್ಯವಿತ್ತು. ಆಸ್ಪತ್ರೆಯಲ್ಲಿ ಇ.ಸಿ.ಜಿ. ನೋಡಿದವರು ನನ್ನೊಡನೆ ಮಾತಾಡದೆ ಒಬ್ಬರಿಗೊಬ್ಬರು ಮಾತಾಡಿಕೊಂಡರು. ಅದೇ ದಿನ ಅವರನ್ನು ಮಷೀನಿಗೆ ಹಚ್ಚಿದರು.

ಎರಡು ದಿನದ ಮೇಲೆ ಪಥ್ಯ ಹೇಳುವ ಡಯಟೀಷಿಯನ್ ಹುಡುಗಿ ಹಾಸಿಗೆಯ ಬಳಿ ಬಂದಳು. ಬೇಳೆ, ಹಣ್ಣು ಎಲ್ಲ ಕೇಳಿ, ಕೊನೆಗೆ "ಸಬ್ಜಿ ಕೌನ್ ಸಿ?" ಎಂದಳು, ಪಲ್ಯ ಯಾವುದು ಅಂತ. "ಸೋಲೆ," ಎಂದರು ಇವರು. ಆ ಸ್ಥಿತಿಯಲ್ಲೂ ಅವರ ಮುಖ ಸ್ವಲ್ಪ ಅರಳಿತು. ಎಳೆಯದೋ ಬಲಿತದ್ದೋ, ಎಷ್ಟು ತಿಂದಿರಿ ಎಂದು ಆಕೆ ಮತ್ತೆ ಮತ್ತೆ ಕೇಳಿದಳು.

ಆಮೇಲೆ ನನಗೆ ತಿಳಿಯುವಂತೆ ಹೇಳಿದಳು. ಎಳೆಯ ಕಾಳಿನಲ್ಲಿ ನೀರು ಮತ್ತು ಸಕ್ಕರೆ ಹೆಚ್ಚು. ಬಲಿಯುತ್ತ ಸಕ್ಕರೆ ಪಿಷ್ಟವಾಗುತ್ತದೆ, ಪ್ರೋಟೀನ್ ತುಂಬಿಕೊಳ್ಳುತ್ತದೆ, ನೀರು ಆರುತ್ತದೆ. ಒಣ ಬೇಳೆಯ ಪಕ್ಕ ತೂಗಿದರೆ ಹಸಿ ಕಾಳಿನಲ್ಲಿ ಎಲ್ಲವೂ ಕಡಿಮೆ. ಆದರೆ ಒಣ ಬೇಳೆಯನ್ನು ಯಾರೂ ಒಣಗಿದ್ದಾಗಲೇ ತಿನ್ನುವುದಿಲ್ಲ. ಬೆಂದು ನೀರು ಕುಡಿದ ಬೇಳೆಯ ಪಕ್ಕ ತುಂಬಿದ ಹಸಿ ಕಾಳನ್ನಿಟ್ಟರೆ ಪ್ರೋಟೀನ್ ಹೆಚ್ಚುಕಡಿಮೆ ಸಮ. ಪೊಟ್ಯಾಸಿಯಂ ಹಸಿಯದರಲ್ಲೇ ಹೆಚ್ಚು. ನೀವು ಬೇಳೆಯ ನೀರು ಚೆಲ್ಲುತ್ತೀರಿ, ಸೋಲೆಯ ನೀರನ್ನು ಯಾರು ಚೆಲ್ಲುತ್ತಾರೆ?

ರಸ ಗಟ್ಟಿಯಾಗಿದ್ದು ನನ್ನ ಕಣ್ಣ ಮುಂದೆ ಬಂತು.

ಮೂತ್ರಪಿಂಡಗಳು ಮತ್ತೆ ಚೇತರಿಸಿಕೊಳ್ಳಲಿಲ್ಲ. ಸೋಲೆಯಿಂದಲೇ ಹೀಗಾಯಿತು ಎಂದು ಡಾಕ್ಟರು ಹೇಳಲಿಲ್ಲ. ನಾನೂ ಹೇಳಲಾರೆ. ಪೊಟ್ಯಾಸಿಯಂ ಏರಿದ್ದು ಅಲ್ಲಿಂದ ಎಂದಷ್ಟೇ ಹೇಳಬಲ್ಲೆ. ಅಷ್ಟನ್ನೇ ಮಹಾಲಿಗೆ ಹೋಗಿ ಅಕ್ಕನಿಗೆ ಹೇಳಿದೆ.

"ಹಸಿ ಇದ್ದಾಗ ಕಾಯಿಪಲ್ಯ, ಒಣಗಿದ ಮ್ಯಾಲೆ ಬ್ಯಾಳಿ," ಎಂದರು ಅವರು. "ನಿನ್ನೆ ಮೊನ್ನೆ ಬಂದ ಪೋರಿ ನನಗ ತೊಗರಿ ಕಲಸ್ತಾಳ? ಉಪಾಸ ಕೆಡವಿ ಶಕ್ತಿ ತಗದವಳು ನೀನು. ನಾ ಉಣ್ಣಿಸಿದವಳು."

ಇನ್ನೂ ಒಂದು ಮಾತು ಬಾಕಿಯಿತ್ತು. ವಾರಕ್ಕೆ ಎರಡು ಮೂರು ಸಲ ಮಷೀನಿಗೆ ಹೋಗುವುದು ಖಾಯಂ ಆದ ಮೇಲೆ ಅದೇ ಹುಡುಗಿ ಹೊಸ ಪಥ್ಯ ಹೇಳಿದಳು. ಮಷೀನು ರಕ್ತದಿಂದ ಪ್ರೋಟೀನನ್ನೂ ಎಳೆದುಕೊಳ್ಳುತ್ತದೆ, ಈಗ ಪ್ರೋಟೀನ್ ಬೇಕು. ಬೇಳೆ ಕೊಡಿ, ನೆನೆಸಿ, ನೀರು ಚೆಲ್ಲಿ ಕೊಡಿ. ಇಷ್ಟು ದಿನ ನಾನು ತಡೆದಿದ್ದು ಈಗ ಔಷಧವಾಗಿತ್ತು. ಕಾಯಬೇಕಾಗಿದ್ದ ಮೂತ್ರಪಿಂಡ ಇನ್ನಿರಲಿಲ್ಲ.

ಅಕ್ಕನಿಗೆ ಈ ಸುದ್ದಿ ತಲುಪಿದ ದಿನವೇ ಫೋನು ಬಂತು. "ನೋಡಿದ್ಯಾ? ಡಾಕ್ಟರೇ ಬ್ಯಾಳಿ ಹಾಕು ಅಂತಾರ. ನಾ ಆವಾಗೇ ಬಡ್ಕೊಂಡೆ." ಮರುದಿನ ಮೊಮ್ಮಗನ ಸ್ಕೂಟರಿನಲ್ಲಿ ಡಬ್ಬಿ ಬಂತು. ತುಪ್ಪದ ಒಗ್ಗರಣೆ ಹಾಕಿದ ಗಟ್ಟಿ ಬೇಳೆ. ನೀರು ಚೆಲ್ಲಿರಲಿಲ್ಲ ಎಂದು ನೋಡಿದರೇ ತಿಳಿಯುತ್ತಿತ್ತು. ಗಂಡ ಡಬ್ಬಿಯ ವಾಸನೆ ನೋಡಿ ಮುಚ್ಚಳ ಮುಚ್ಚಿದರು. ನಾನು ಮಾಡಿದ್ದ ಬೇಳೆಯನ್ನು ಬಟ್ಟಲು ತುಂಬ ಬಡಿಸಿದೆ. ಎರಡು ತುತ್ತು ತಿಂದು, "ಸಾಕು," ಎಂದರು.

ಡಬ್ಬಿಯನ್ನು ಬಚ್ಚಲಿನಲ್ಲಿ ಬಗ್ಗಿಸಿ, ತೊಳೆದು, ಒಣ ಬಟ್ಟೆಯಿಂದ ಒರೆಸಿದೆ. ಸಕ್ಕರೆಯ ಡಬ್ಬ ಕೈಗೆಟುಕುವಲ್ಲೇ ಇತ್ತು. ಬಾಗಿಲಲ್ಲಿ ಕಾಯುತ್ತಿದ್ದ ಅಕ್ಕನ ಮೊಮ್ಮಗನ ಕೈಗೆ ಡಬ್ಬಿಯನ್ನು ಬರಿದಾಗಿಯೇ ಕೊಟ್ಟೆ.